ಹೆಸರಿಲ್ಲದ ಕತ್ತಿ

"ಆ ಜಾಗದಲ್ಲಿ ಯಾರ ಹೆಸರೂ ಬೇಡಪ್ಪ. ಖಾಲಿ ಇದೆ, ಖಾಲಿನೇ ಇರ್ಲಿ," ಎಂದಳು ಉಗ್ರಾಣದ ದೊಡ್ಡಮ್ಮ.

ಕೆತ್ತನೆಗಾರ ನಕ್ಕ. ಮ್ಯೂಸಿಯಮ್ಮಿನ ದುರಸ್ತಿ ಕೋಣೆಗೆ ಅವನು ಬಂದು ಮೂರೇ ತಿಂಗಳಾಗಿತ್ತು. ಕಸುಬುದಾರ, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಬಾಯಿ ಮಾತ್ರ ಕೈಗಿಂತ ಒಂದು ಹೆಜ್ಜೆ ಮುಂದೆ. ದೊಡ್ಡಮ್ಮನಿಗೆ ಮೂವತ್ತು ವರ್ಷದಿಂದ ಉಗ್ರಾಣದ ಬೀಗದ ಕೈಗೊಂಚಲೇ ಸಂಸಾರ. ಅಂಥವಳ ಮಾತಿಗೂ ಅವನು ಮೂಗು ಮುರಿದ.

ಮೇಜಿನ ಮೇಲೆ ಉಣ್ಣೆಬಟ್ಟೆ ಹಾಸಿ ಅವಳು ಕತ್ತಿಯನ್ನು ಮಲಗಿಸಿದಳು. ಯುದ್ಧಕ್ಕೆಂದು ಮಾಡಿದ ಕತ್ತಿಯಲ್ಲ, ಸನ್ಮಾನಕ್ಕೆಂದು ಮಾಡಿಸಿದ್ದು. ಹಿಡಿಯ ತುದಿಯಲ್ಲಿ ಚಿನ್ನದ ನೀರು ಕುಡಿಸಿದ ಸಿಂಹದ ತಲೆ, ಕಣ್ಣಿಗೆ ಕೆಂಪು ಹರಳು. ನೀಲಿ ಅಲಗಿನುದ್ದಕ್ಕೂ ಹೊನ್ನಿನ ಬಳ್ಳಿ. ಹಿಡಿಯ ಕೆಳಗೆ ಮೊಟ್ಟೆಯಾಕಾರದ ಹಿತ್ತಾಳೆ ತಗಡು, ಅದರ ಮೇಲೆ ಕಪ್ಪು ಅರಗು ತುಂಬಿದ ಅಕ್ಷರಗಳು: 'ಸೇತುವೆಯಲ್ಲಿ ಶತ್ರುವನ್ನು ತಡೆದು ಊರನ್ನು ಉಳಿಸಿದ ದಳಪತಿ'. ಅದರ ಕೆಳಗೆ ಹೆಸರು ಇರಬೇಕಾದಲ್ಲಿ ಬರೀ ನುಣುಪು. ಅದರ ಕೆಳಗೆ 'ಇವರಿಗೆ ಊರಿನವರ ಕೃತಜ್ಞತೆ'. ಪ್ರದರ್ಶನ ಶುರುವಾಗುವ ಮೊದಲು ಹೆಸರನ್ನು ಮತ್ತೆ ಕೆತ್ತಬೇಕೆಂದು ಮೇಲಿನವರ ಆದೇಶವಾಗಿತ್ತು.

"ಊರು ಉಳಿಸಿದ್ದು ಹೆಂಗೆ ಗೊತ್ತಾ?" ಎಂದಳು ದೊಡ್ಡಮ್ಮ. "ಶತ್ರು ದಾಟಬಾರ್ದು ಅಂತ ಸೇತುವೆಗೆ ಬೆಂಕಿ ಇಡಿಸ್ದ. ಅವನದೇ ನಲವತ್ತು ಜನ ಇನ್ನೂ ಆಚೆ ದಡದಲ್ಲಿದ್ರು. ಕೂಗ್ತಿದ್ರು. ಕೇಳಿಸ್ಕೊಂಡೇ ಇಡಿಸ್ದ. ನೀರಿಗೆ ಹಾರಿದವ್ರು ಒಬ್ರೂ ದಡ ಸೇರಲಿಲ್ಲ."

"ಯುದ್ಧ ಅಂದ್ರೆ ಅಷ್ಟೇ ಅಲ್ವಾ ದೊಡ್ಡಮ್ಮ." ಅವನು ಉಳಿಯನ್ನು ಸಾಣೆಕಲ್ಲಿಗೆ ತೀಡುತ್ತಿದ್ದ.

"ಅದರಲ್ಲೊಬ್ಬ ಈ ಅಕ್ಷರ ಕೆತ್ತಿದವನ ಮಗ. ಇದ್ದವನು ಒಬ್ಬನೇ ಮಗ. ಊರಿನವರು ಕತ್ತಿ ಕೆತ್ತೋಕೆ ಅವನ ಕೈಗೇ ಕೊಟ್ರು. ಅವನು ಒಲ್ಲೆ ಅನ್ನಲಿಲ್ಲ. ಸುಟ್ಟ ಸೇತುವೆ ಹಲಗೆ ಬೂದಿ ತಂದು ಅರಗಿಗೆ ಕಲಸ್ದ. ಒಂದೊಂದು ಅಕ್ಷರ ತುಂಬುವಾಗ್ಲೂ ಒಂದೊಂದು ಮಂತ್ರ ಹೇಳ್ದ. ಮಾಟ ಅದು. ಇಲ್ಲಿ ಹೆಸರಿದ್ದವನು..."

"ಹೆಸರಿದ್ದವನು ರಕ್ತ ಕಾರಿ ಸತ್ತ. ಇಂಥ ಕತೆ ಎಲ್ಲಾ ಹಂಗೇ ಮುಗಿಯೋದು."

"ಪೂರ್ತಿ ಕೇಳು."

"ಕಾಫಿ ಹೊತ್ತಿಗೆ ಕೇಳ್ತೀನಿ. ಈಗ ಕೆಲಸ ಮಾಡಕ್ಕೆ ಬಿಡಿ."

ದೊಡ್ಡಮ್ಮ ಮೆಟ್ಟಿಲು ಹತ್ತಿ ಹೋದಳು. ಇನ್ನೆರಡು ಮಾತು ಕೇಳಿಸಿಕೊಂಡಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಕೇಳಲಿಲ್ಲ.

ದುರಸ್ತಿ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಮೇಜಿನ ಮೇಲೊಂದು ದೀಪ, ಪಕ್ಕದಲ್ಲೊಂದು ಹಳೆಯ ಫೋನು. ಉಳಿಯನ್ನು ಹೊಸದಾಗಿ ಮಸೆದಾಗಲೆಲ್ಲ ಅವನು ಒಂದೇ ಪದ ಗೀರಿ ನೋಡುತ್ತಿದ್ದ: ಗುಬ್ಬಿ. ಅವನ ಆರು ವರ್ಷದ ಮಗಳಿಗೆ ಮನೆಯಲ್ಲಿ ಇಟ್ಟ ಹೆಸರು. ಸುತ್ತು, ಬಾಗು, ಒತ್ತು, ಗುಡಿಸು ಎಲ್ಲ ಅದರಲ್ಲೇ ಬರುವುದರಿಂದ ಉಳಿಯ ಗುಣ ಗೊತ್ತಾಗುತ್ತದೆ ಎಂದು ಕೇಳಿದವರಿಗೆ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಆ ಹೆಸರು ಬರೆಯುವುದೇ ಇಷ್ಟ. ತಾಮ್ರದ ಚೂರುಗಳ ಡಬ್ಬಿಯ ತುಂಬಾ ಗುಬ್ಬಿಗಳಿದ್ದವು.

ಇವತ್ತು ಡಬ್ಬಿಗೆ ಕೈ ಹಾಕಲಿಲ್ಲ. ಹಳೆಯ ಹಿತ್ತಾಳೆ ಎಷ್ಟು ಗಡುಸೆಂದು ಅದರ ಮೇಲೆಯೇ ನೋಡಬೇಕಿತ್ತು. ಕೂದಲೆಳೆಯಷ್ಟು ತೆಳುವಾಗಿ ಗೀರಿದರೆ ಹೊಳಪುಕಡ್ಡಿಯಿಂದ ಎರಡು ಸಲ ಉಜ್ಜಿ ಅಳಿಸಬಹುದು. ಕೆತ್ತನೆಗಾರರೆಲ್ಲ ಮಾಡುವುದೇ ಇದು. ಖಾಲಿ ಜಾಗದಲ್ಲಿ ಅವನು ಮೆಲ್ಲಗೆ ಗುಬ್ಬಿ ಎಂದು ಗೀರಿದ. ಪುಡಿಯನ್ನು ಉಫ್ ಎಂದು ಊದಿದ.

ದೀಪ ಆರಿತು.

ಹೊರಗೆ ನಡುಮಧ್ಯಾಹ್ನ. ಒಳಗೆ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಷ್ಟು ಕತ್ತಲು. ಕರೆಂಟು ಹೋಯಿತೆಂದು ಬೈದುಕೊಳ್ಳುವಷ್ಟರಲ್ಲಿ ವಾಸನೆ ಬಂತು. ಸುಟ್ಟು ನೆನೆದ ಮರದ ವಾಸನೆ. ಅದರ ಬೆನ್ನಿಗೆ ಒದ್ದೆ ಉಣ್ಣೆ, ಕೆಸರು, ಕರಗಿದ ಅರಗು. ಕಾಲ ಕೆಳಗೆಲ್ಲೋ ನೀರು ಹರಿಯುವ ಸದ್ದು. ಹಲಗೆಯ ಮೇಲೆ ಓಡಿ ಬರುವ ಬೂಟುಗಳು. ಹತ್ತು. ಇಪ್ಪತ್ತು. ಓಡಿ ಬಂದು ಒಮ್ಮೆಲೇ ನಿಂತವು. ಮುಂದೆ ಹಲಗೆ ಇರಲಿಲ್ಲ.

ಉಳಿ ಹಿಡಿದ ಅವನ ಕೈಯ ಮೇಲೆ ಇನ್ನೊಂದು ಕೈ ಕೂತಿತು.

ತಣ್ಣನೆಯ ಕೈ. ಅಂಗೈಯ ಬುಡದಲ್ಲಿ ಗಟ್ಟಿ ಗಂಟು. ಉಳಿಯ ಹಿಡಿ ವರ್ಷಗಟ್ಟಲೆ ಒತ್ತಿದರೆ ಮಾತ್ರ ಬರುವ ಗಂಟು. ಅವನ ಕೈಯಲ್ಲೂ ಅದೇ ಜಾಗದಲ್ಲಿತ್ತು. ಆ ಕೈ ಒತ್ತಿತು. ಅವಸರವಿಲ್ಲದೆ, ಒಳ್ಳೆಯ ಕಸುಬುದಾರನಂತೆ, ಒಂದೊಂದೇ ಗೆರೆಯನ್ನು ಒತ್ತಿ ಎಳೆಸಿತು.

ದೀಪ ಬಂತು. ಕೋಣೆಯಲ್ಲಿ ಯಾರೂ ಇಲ್ಲ. ತಗಡಿನ ಮೇಲೆ ಗುಬ್ಬಿ ಎಂಬ ಹೆಸರು ಆಳವಾಗಿ ಕೊರೆದು ಕೂತಿತ್ತು. ಒಳಗೆ ಕಪ್ಪು ಅರಗು ತುಂಬಿತ್ತು. ಅರಗು ಇನ್ನೂ ಹಸಿಯಾಗಿತ್ತು.

ಹೊಳಪುಕಡ್ಡಿಯಿಂದ ಉಜ್ಜಿದ, ಹೋಗಲಿಲ್ಲ. ಅರ ಹಾಕಿದ. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ಮನೆಗೆ ಫೋನು ಮಾಡಿದ.

"ಗುಬ್ಬಿ ಎಲ್ಲಿ?"

"ಇಲ್ಲೇ ಚಿತ್ರ ಬರೀತಾ ಕೂತಿದ್ದಾಳೆ," ಎಂದಳು ಹೆಂಡತಿ. "ಬೆಳಗ್ಗಿಂದ ಸ್ವಲ್ಪ ಕೆಮ್ಮು, ಅದಕ್ಕೇ ಸ್ಕೂಲಿಗೆ ಕಳಿಸಲಿಲ್ಲ. ಯಾಕ್ರೀ, ಧ್ವನಿ ಒಂಥರಾ ಇದೆ?"

ಫೋನಿನಲ್ಲಿ ಅವಳ ಹಿಂದಿನಿಂದ ಗುಬ್ಬಿಯ ಕೆಮ್ಮು ಕೇಳಿಸಿತು. ಸಾಧಾರಣ ಕೆಮ್ಮು. ಆದರೆ ಅವನ ಕಣ್ಣು ತಗಡಿನ ಮೇಲೇ ಇತ್ತು. ಹೆಸರಿದ್ದವರು ಸಾಯುತ್ತಾರೆ. ಹೆಸರು ಅವಳದು.

ಅಳಿಸಲಾಗದ ತಪ್ಪು ಗೆರೆಗೆ ಕೆತ್ತನೆಗಾರರಲ್ಲಿ ಒಂದೇ ಉಪಾಯ. ಅದನ್ನು ಹಾಗೇ ಉಳಿಸಿಕೊಂಡು, ಮುಂದಕ್ಕೆ ಕೆತ್ತಿ, ಸರಿಯಾದದ್ದರೊಳಗೆ ಸೇರಿಸಿಬಿಡುವುದು. ಅವನು ಉಳಿ ಎತ್ತಿದ. ಗುಬ್ಬಿ ಎಂಬುದರ ಮುಂದೆ 'ಯ ಅಪ್ಪ' ಎಂದು ಕೆತ್ತಿದ. ಅರಕ್ಕೆ ಬಗ್ಗದ ಹಿತ್ತಾಳೆ ಈಗ ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಕೊನೆಯ ಗೆರೆ ಮುಗಿಯುತ್ತಲೇ ಕಪ್ಪು ಅರಗು ತಾನಾಗಿ ಒಸರಿ ತುಂಬಿಕೊಂಡಿತು.

'ಗುಬ್ಬಿಯ ಅಪ್ಪ'. ಅವನ ಜೀವಮಾನದ ಅತ್ಯಂತ ಚೆಂದದ ಕೆಲಸ. ಉಳಿ ಕೆಳಗಿಟ್ಟು, ಕುರ್ಚಿಗೆ ಒರಗಿ, ಸಾವಿಗಾಗಿ ಕಾದು ಕುಳಿತ. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ಮಗಳು ಉಳಿದಳಲ್ಲ.

ಬಂದದ್ದು ಸಾವಲ್ಲ, ಕಾಫಿ ಲೋಟ ಹಿಡಿದ ದೊಡ್ಡಮ್ಮ. ತಗಡನ್ನು ಓದಿದಳು. ಲೋಟವನ್ನು ಮೇಜಿನ ಮೇಲಿಟ್ಟಳು. ಅವನು ನಡೆದದ್ದನ್ನೆಲ್ಲ ಹೇಳಿದ. ಹೇಳುವಾಗ ನಕ್ಕ ಕೂಡ.

"ದಳಪತಿ ಯಾವಾಗ ಸತ್ತ ಗೊತ್ತಾ ನಿಂಗೆ?" ಎಂದಳು ಅವಳು ಮೆಲ್ಲಗೆ. "ತೊಂಬತ್ತೊಂದನೇ ವಯಸ್ಸಲ್ಲಿ. ಹಾಸಿಗೆ ಮೇಲೆ, ನಿದ್ದೇಲಿ. ಮಾಟ ಹೆಸರಿದ್ದವರನ್ನ ಮುಟ್ಟಲ್ಲಪ್ಪ. ಮಗನ್ನ ಕಳ್ಕೊಂಡವನು ಮಾಡಿದ ಮಾಟ ಅದು. ಹೆಸರಿದ್ದವರ ಮಕ್ಕಳನ್ನ ತಗೊಳ್ಳುತ್ತೆ. ದಳಪತಿಗೆ ಮೂರು ಮಕ್ಕಳಿದ್ರು. ಮೂರೂ ಒಣ ನೆಲದ ಮೇಲೆ ನೀರು ಕುಡಿದು ಹೋದ್ವು. ಕೊನೇದು ಹೋದ ದಿನ ಹೆಸರು ತಾನಾಗೇ ಅಳಿಸಿತು."

ಅವನು ತಗಡಿನ ಕಡೆ ತಿರುಗಿದ. "ಗುಬ್ಬಿ ಅಂತ ಮಾತ್ರ ಇದ್ದಿದ್ರೆ?"

ದೊಡ್ಡಮ್ಮ ಸುಳ್ಳು ಹೇಳಬಹುದಿತ್ತು. ಅವಳಿಗೆ ಬರಲಿಲ್ಲ.

"ಆರು ವರ್ಷದ ಮಗೂಗೆ ಮಕ್ಕಳೆಲ್ಲಪ್ಪ. ಏನೂ ಆಗ್ತಿರ್ಲಿಲ್ಲ."

ಅವನು ಉಳಿ ಎತ್ತಿಕೊಂಡು 'ಅಪ್ಪ'ನ ಮೇಲೆ ಎರಗಿದ. ಉಳಿ ಮುರಿಯಿತು. ಇನ್ನೊಂದು ತೆಗೆದ. ಅದೂ ಮುರಿಯಿತು. ಸುತ್ತಿಗೆ ಎತ್ತಿದ. ಹೊಡೆದ. ತಗಡು ನೆಗ್ಗಲಿಲ್ಲ. ಫೋನು ಬಡಿದುಕೊಂಡಿತು. ಅವನು ನೋಡಲಿಲ್ಲ. ಹೊಡೆದ. ಉಗುರು ಕಿತ್ತು ಬಂತು. ಫೋನು ನಿಲ್ಲಲಿಲ್ಲ. ಸುಟ್ಟು ನೆನೆದ ಮರದ ವಾಸನೆ. ದೊಡ್ಡಮ್ಮನೇ ಫೋನೆತ್ತಿ ಅವನ ಕಿವಿಗೆ ಹಿಡಿದಳು.

"ರೀ, ಬಾಯಿಂದ ನೀರು ಬರ್ತಿದೆ. ನಿಲ್ತಾನೇ ಇಲ್ಲ. ಕೆಸರು ನೀರು. ನೀರಿನ ಹತ್ರ ಹೋಗೇ ಇಲ್ಲ ರೀ ಅವಳು. ಬಣ್ಣ ಹಚ್ತಾ ಕೂತಿದ್ಲು."

ಅವನ ಕಣ್ಣೆದುರೇ ಅಕ್ಷರಗಳು ಮಾಸತೊಡಗಿದವು. ಮೊದಲು ಕೊನೆಯ ಪ್ಪ. ಆಮೇಲೆ ಅ. ಆಮೇಲೆ ಯ. ಅವನು ಅಂಗೈಯಿಂದ ಗುಬ್ಬಿಯನ್ನು ಮುಚ್ಚಿ ಹಿಡಿದ. ಗಾಳಿಗೆ ದೀಪ ಆರದಂತೆ ಹಿಡಿಯುತ್ತಾರಲ್ಲ, ಹಾಗೆ. ಆಚೆ ಕಡೆಯಿಂದ ಹೆಂಡತಿಯ ಕೂಗು ಕೇಳಿತು. ಕೈ ತೆಗೆದು ನೋಡಿದಾಗ ತಗಡು ನುಣ್ಣಗೆ ಹೊಳೆಯುತ್ತಿತ್ತು.

ಅವನಿಗೀಗ ಎಪ್ಪತ್ತೆಂಟು. ಹೆಂಡತಿ ಮಗಳ ಕಾರ್ಯ ಮುಗಿಸಿ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಎರಡು ಸಲ ತಾನೇ ಹೊಳೆಗೆ ಹಾರಿದ, ಎರಡು ಸಲವೂ ನೀರು ಅವನನ್ನು ದಡಕ್ಕೆ ತಂದು ಬಿಟ್ಟಿತು. ಇಷ್ಟು ವರ್ಷಗಳಲ್ಲಿ ಒಂದು ನೆಗಡಿಯೂ ಬಂದಿಲ್ಲ. ಉಗ್ರಾಣದ ಬೀಗದ ಕೈ ಈಗ ಅವನ ಸೊಂಟದಲ್ಲಿದೆ. ಹೊಸಬರು ಯಾರೇ ಬಂದರೂ ಕತ್ತಿಯ ಕತೆ ಹೇಳುತ್ತಾನೆ, ಅದೂ ಕೊನೆಯಿಂದ ಶುರುಮಾಡಿ ಹೇಳುತ್ತಾನೆ. ಮೊನ್ನೆ ಬಂದ ಕೆತ್ತನೆಯ ಹುಡುಗಿ ಗಡಿಯಾರ ನೋಡಿ, "ಅಜ್ಜ, ಆಮೇಲೆ ಕೇಳ್ತೀನಿ," ಎಂದು ನಕ್ಕು ಉಳಿ ಮಸೆಯತೊಡಗಿದಳು.