ದ್ಯಾಮವ್ವ ಓಡಿಸಿದ ಹಕ್ಕಿ

ಹಕ್ಕಿಗಳು ಮನುಷ್ಯರ ಮಾತನ್ನು ಇನ್ನೂ ಮರೆಯದಿದ್ದ ಕಾಲದಲ್ಲಿ ತೆನೆಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಬಿಳಿಜೋಳದ ಹೊಲ. ಅಷ್ಟು ಜೋಳ ಇದ್ದ ಮೇಲೆ ಹಕ್ಕಿಗಳು ಸುಮ್ಮನಿರುತ್ತವೆಯೇ? ಮೋಡ ಕವಿದ ಹಾಗೆ ಬರುತ್ತಿದ್ದವು. ಅದಕ್ಕೇ ಆ ರಾಜ್ಯದಲ್ಲಿ ಹಕ್ಕಿ ಓಡಿಸುವುದೇ ಒಂದು ಕಸುಬಾಗಿತ್ತು. ಹೊಲದ ನಡುವೆ ನಾಲ್ಕು ಗೂಟದ ಅಟ್ಟಣಿಗೆ, ಅದರ ಮೇಲೆ ಕವಣೆ ಹಿಡಿದು ನಿಂತ ಒಬ್ಬರು ಕಾವಲಿನವರು, ಬೆಳಗಿನಿಂದ ಸಂಜೆಯವರೆಗೆ ಒಂದೇ ಕೂಗು: ‘ಹೋಓ... ಹಾಯ್’.

ಈ ಕಸುಬಿನಲ್ಲಿ ದ್ಯಾಮವ್ವನನ್ನು ಮೀರಿಸಿದವರಿರಲಿಲ್ಲ. ಅವಳು ಕೂಗಿದರೆ ಪಕ್ಕದ ರಾಜ್ಯದ ಗುಬ್ಬಿಗಳೂ ತಿನ್ನುವುದನ್ನು ಬಿಟ್ಟು ತಲೆ ಎತ್ತುತ್ತಿದ್ದವಂತೆ. ಊರವರೆಲ್ಲ ಹೊಗಳುತ್ತಿದ್ದರು. ಆದರೆ ಅವಳಿಗೊಂದು ಕೊರಗಿತ್ತು. ಹುಟ್ಟಿದಾಗಿನಿಂದ ಸಾವಿರಾರು ಹಕ್ಕಿ ಕಂಡಿದ್ದಳು, ಎಲ್ಲವೂ ಹಾರಿಹೋಗುವ ಹಕ್ಕಿಗಳೇ. ಹಕ್ಕಿಯ ಬೆನ್ನು ಅವಳಿಗೆ ಗೊತ್ತು, ಬಾಲ ಗೊತ್ತು. ಹಕ್ಕಿಯ ಮುಖ ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಅವಳ ಗಂಡ ಅಡಿವೆಪ್ಪ ಮನೆಗಳ ಗೋಡೆಗೆ ಚಿತ್ರ ಬರೆಯುವವನು. ಕೆಮ್ಮಣ್ಣು, ಸುಣ್ಣ, ನೀಲಿ, ಅರಿಸಿನ ಅರೆದು ಗೋಡೆ ತುಂಬ ಹಕ್ಕಿ ಬರೆಯುತ್ತಿದ್ದ. ಮಧ್ಯಾಹ್ನವಾದರೆ ರೊಟ್ಟಿಗಂಟು ಹಿಡಿದು ಹೊಲಕ್ಕೆ ಬರುವನು. ಇಬ್ಬರೂ ಅಟ್ಟಣಿಗೆಯ ಮೇಲೆ ಕಾಲು ಇಳಿಬಿಟ್ಟು ಕೂರುವರು.

“ಇವತ್ತು ಯಾವ ದೇಶಕ್ಕ ಹೋಗೂಣು ದ್ಯಾಮಿ?” ಎಂದು ಅವನು ಕೇಳುವನು.

“ಎಲ್ಲೆರ ತಂಪಿದ್ದಲ್ಲಿ ಹೋಗೂಣ್ರಿ. ಬಿಸಲು ಸಾಕಾಗೇತಿ.”

“ಹಂಗಾರ ನೆಲ ಎಲ್ಲಾ ಹೆಪ್ಪುಗಟ್ಟಿದ ದೇಶಕ್ಕ ನಡಿ. ಅಲ್ಲಿ ಹಕ್ಕಿಗೋಳು ಹಾರೂದಿಲ್ಲ. ಕರಿ ಕಂಬಳಿ ಹೊದ್ಕೊಂಡು, ಹಿರ್‍ಯಾರು ಪಂಚಾಯ್ತಿಗೆ ನಿಂತಂಗ ನಿಂತಿರ್ತಾವು.”

ಹೀಗೆ ಒಂದು ದಿನ ಹಿಮದ ದೇಶ, ಒಂದು ದಿನ ಮಹಾನದಿಯ ಕಾಡು, ಒಂದು ದಿನ ಉಪ್ಪಿನ ಸರೋವರ. ಅಡಿವೆಪ್ಪ ಊರ ಗಡಿ ದಾಟಿದವನಲ್ಲ. ಎಲ್ಲ ಅವನ ತಲೆಯೊಳಗಿನದೇ. ಅತ್ತೆ ಹಂಪವ್ವ ಇದನ್ನು ಕೇಳಿ ನಗುತ್ತಿದ್ದಳು. “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ನಾಳಿನ ಹಿಟ್ಟು ಬೀಸೂದು ಬಿಟ್ಟು ಲೋಕ ಸುತ್ತಾಕ ಹೊಂಟಾರ.” ಅಡಿವೆಪ್ಪ ಮಾತ್ರ ಪ್ರತಿ ವರ್ಷವೂ ಹೇಳುವನು, “ಈ ಸುಗ್ಗಿ ಒಂದು ಮುಗೀಲಿ, ಖರೇನ ಹೋಗಿ ನೋಡಿ ಬರೂಣು.” ಸುಗ್ಗಿ ಮುಗಿಯುತ್ತಿತ್ತು, ಮತ್ತೆ ಬಿತ್ತನೆ ಬರುತ್ತಿತ್ತು. ಹೋಗುವುದು ಹಾಗೇ ಉಳಿಯುತ್ತಿತ್ತು.

ತೆನೆಗಿರಿಯ ಗುಡ್ಡದ ಮೇಲೆ ಬೂದಿಗಣ್ಣ ಎಂಬ ಮಾಂತ್ರಿಕನಿದ್ದ. ಅವನ ಹತ್ತಿರ ಒಂದು ಕನ್ನಡಿ. ಲೋಕದಲ್ಲಿರುವ ಎಲ್ಲ ಹಕ್ಕಿಯೂ ಅದರಲ್ಲಿ ಕಾಣುತ್ತಿತ್ತು. ತಾನು ನೋಡದ ಹಕ್ಕಿಯೇ ಇಲ್ಲ ಎಂಬ ಸೊಕ್ಕು ಅವನಿಗೆ. ಒಂದು ದಿನ ಅಡಿವೆಪ್ಪನನ್ನು ಕರೆಸಿ, “ನಾನು ನೋಡದ ಹಕ್ಕಿ ಒಂದನ್ನು ಈ ಗೋಡೆ ಮೇಲೆ ಬರಿ, ನೋಡೋಣ” ಎಂದ.

ಅಡಿವೆಪ್ಪ ಬರೆದ. ಬೂದಿಗಣ್ಣ ಕನ್ನಡಿಯಲ್ಲಿ ಏಳು ಸಮುದ್ರ ಹುಡುಕಿದ, ಎಲ್ಲ ಕಾಡು ಹುಡುಕಿದ. ಆ ಹಕ್ಕಿ ಸಿಗಲಿಲ್ಲ.

“ಇದನ್ನು ಎಲ್ಲಿ ನೋಡಿದೆ?”

“ಎಲ್ಲೂ ಇಲ್ರಿ ಒಡೆಯಾ. ನನ್ನ ಹೆಂಡ್ತಿಗೆ ತೋರಸಬೇಕಂತ ಮನಸಿನ್ಯಾಗ ಮಾಡಿ ಇಟ್ಟಿದ್ದೆ.”

ತನ್ನ ಕನ್ನಡಿಯಲ್ಲಿ ಇಲ್ಲದ್ದು ಒಬ್ಬ ಗೋಡೆ ಬರೆಯುವವನ ಮನಸ್ಸಿನಲ್ಲಿದೆ ಎಂದರೆ ಬೂದಿಗಣ್ಣ ತಡೆದುಕೊಂಡಾನೇ? ಒಂದು ಹಿಡಿ ಬೂದಿ ಊದಿದ. ಗೋಡೆಯ ಮೇಲಿನ ಹಕ್ಕಿ ಮಾಯವಾಯಿತು. ಅಡಿವೆಪ್ಪ ನಿಂತಿದ್ದ ಜಾಗದಲ್ಲಿ ಅದೇ ಹಕ್ಕಿ ನಿಂತಿತ್ತು. “ಹೋಗು, ನಿನ್ನ ಹೆಂಡತಿಯ ಹತ್ತಿರವೇ ಹೋಗು” ಎಂದು ಮಾಂತ್ರಿಕ ಕಿಟಕಿ ತೆರೆದು ನಕ್ಕ. ಅವಳ ಕಸುಬು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಕ್ಕಿ ನೇರ ಹೊಲಕ್ಕೆ ಬಂತು. ದ್ಯಾಮವ್ವನಿಗೆ ಎದುರು ಬಿಸಿಲು. ಯಾವುದೋ ರೆಕ್ಕೆ ಬಡಿದದ್ದಷ್ಟೇ ಕಂಡಿತು. ಕೂಗಿ ಓಡಿಸಿದಳು, ತನ್ನ ಕೂಗಿನಲ್ಲಿ ಅದು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಮತ್ತೆ ಬಂತು, ಮತ್ತೆ ಕೂಗಿದಳು. ಮೂರನೆಯ ಸಲ ಅದು ಅಟ್ಟಣಿಗೆಯ ಹತ್ತಿರಕ್ಕೇ ಬಂದಾಗ ಕವಣೆ ಬೀಸಿದಳು. ಕಲ್ಲು ರೆಕ್ಕೆಗೆ ತಾಗಿತು. ಹಕ್ಕಿ ತಿರುಗಿ ಹಾರಿಹೋಯಿತು, ಒಂದು ಗರಿ ಸುತ್ತುತ್ತಾ ಬಂದು ಅವಳ ಕಾಲ ಬಳಿ ಬಿತ್ತು. ಎತ್ತಿಕೊಂಡರೆ ಬೆರಳಿಗೆ ನೀಲಿ ಬಣ್ಣ ಹತ್ತಿತು. ಬಣ್ಣ ಇನ್ನೂ ಹಸಿಯಾಗಿತ್ತು. ತನ್ನ ಮನೆಯ ಒರಳಿನಲ್ಲಿ ಅರೆದ ನೀಲಿ ಅವಳಿಗೆ ಗೊತ್ತಾಗದೇ? ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು, ರೊಟ್ಟಿಗಂಟು ತರುವವನು ಬರಲಿಲ್ಲ. ಬೆಳಿಗ್ಗೆ ಬೂದಿಗಣ್ಣನ ಕರೆ ಬಂದು ಅವನು ಗುಡ್ಡಕ್ಕೆ ಹೋದದ್ದು ದ್ಯಾಮವ್ವನಿಗೆ ನೆನಪಾಯಿತು.

ಆಮೇಲೆ ಗುಡ್ಡ ಹತ್ತಿದಳು. ಬೂದಿಗಣ್ಣ ಮುಚ್ಚಿಡಲಿಲ್ಲ, ಹೇಳಿಕೊಳ್ಳುವುದೇ ಅವನಿಗೆ ಖುಷಿ.

“ಹೌದು, ನೀನು ಹೊಡೆದದ್ದು ನಿನ್ನ ಗಂಡನನ್ನೇ. ನನ್ನ ಮಂತ್ರದ ಕಟ್ಟು ಕೇಳಿಕೋ. ನೀನು ಓಡಿಸಿದ ಹಕ್ಕಿ ತಾನಾಗಿ ಬಂದು ನಿನ್ನ ಕೈಮೇಲೆ ಕೂತರೆ ಮಾತ್ರ ಮನುಷ್ಯನಾದೀತು. ಈ ಸುಗ್ಗಿ ಬಿಟ್ಟು ಮೂರನೆಯ ಸುಗ್ಗಿಯ ಕೊನೆಯ ದಿನದೊಳಗೆ ಆಗಬೇಕು. ಆಮೇಲೆ ಅದು ಬರೀ ಹಕ್ಕಿ. ನಿನ್ನ ಕೂಗಿಗೆ ಯಾವ ಹಕ್ಕಿ ಹತ್ತಿರ ಬಂದೀತು, ನೀನೇ ಹೇಳು.”

ದ್ಯಾಮವ್ವ ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು. ಹಂಪವ್ವ ಅಳಲಿಲ್ಲ, ಬೈಯಲೂ ಇಲ್ಲ. ಜಂತಿಯಲ್ಲಿ ಸಿಕ್ಕಿಸಿದ್ದ ಒಂದು ಹಳೆಯ ಕವಣೆ ತೆಗೆದುಕೊಟ್ಟಳು.

“ಇದು ನಮ್ಮವ್ವಂದು. ಮನಸಿನ್ಯಾಗಿರೋ ಊರು ನೆನಸಿ ಇದರಾಗಿಂದ ಕಲ್ಲು ಬೀಸಿದ್ರ, ಕಲ್ಲು ಬಿದ್ದಲ್ಲಿ ನೀನೂ ಹೋಗಿ ಬೀಳ್ತಿ. ಹೊಲ ನಾ ಕಾಯ್ತೀನಿ. ನೀ ಅವನ್ನ ಕರ್ಕೊಂಡು ಬಾ.”

“ಯಾವ ಊರು ನೆನಸಲಿ ಅತ್ತಿ?”

“ನಿಮ್ಮಿಬ್ಬರ ಊರು ನನಗೇನು ಗೊತ್ತು? ದಿನಾ ಹೋಗ್ತಿದ್ರೆಲ್ಲಾ.”

ದ್ಯಾಮವ್ವ ಹಿಮದ ದೇಶ ನೆನೆದು ಕಲ್ಲು ಬೀಸಿದಳು. ಹೋಗಿ ಬಿದ್ದಳು. ನಂಬದವರು ಹೋಗಿ ನೋಡಿ ಬರಬಹುದು, ದಾರಿಬುತ್ತಿ ಅವರದೇ.

ಅಡಿವೆಪ್ಪ ಹೇಳಿದ ಹಾಗೆಯೇ ಇತ್ತು ಆ ದೇಶ. ನೆಲವೆಲ್ಲ ಬೆಳ್ಳಗೆ, ಕರಿ ಕಂಬಳಿ ಹೊದ್ದ ಹಕ್ಕಿಗಳು ಸಾಲಾಗಿ ನಿಂತಿದ್ದವು. ಅವಳನ್ನು ಕಂಡು ಅವು ಓಡಲಿಲ್ಲ. ಅಡ್ಡಡ್ಡ ಹೆಜ್ಜೆ ಹಾಕುತ್ತಾ ಅವಳ ಕಡೆಗೇ ಬಂದವು. ದ್ಯಾಮವ್ವ ಮೊದಲ ಸಲ ಹಕ್ಕಿಯ ಮುಖ ನೋಡಿದಳು, ನೋಡಿ ಅತ್ತಳು. ಇದನ್ನು ತೋರಿಸುತ್ತೇನೆ ಎಂದವನು ಪಕ್ಕದಲ್ಲಿ ಇರಲಿಲ್ಲ.

“ನನ್ನ ಗಂಡ ಇಲ್ಲಿ ಬಂದಿದ್ರೇನ್ರಿ?” ಎಂದು ಕೇಳಿದಳು.

ಹಿರಿಯ ಹಕ್ಕಿ ತನ್ನ ಕಾಲ ಮೇಲಿದ್ದ ಮೊಟ್ಟೆಯನ್ನು ಅವಳ ಕಾಲ ಮೇಲೆ ಜರುಗಿಸಿತು. “ಮೊದಲು ಇದನ್ನು ಕಾಯಿ. ನೆಲಕ್ಕೆ ತಾಗಬಾರದು. ಮರಿಯಾದ ಮೇಲೆ ಹೇಳುತ್ತೇನೆ.”

ಕೂತು ಕಾಯುವ ಕೆಲಸ ದ್ಯಾಮವ್ವನಿಗೆ ಹೊಸದಲ್ಲ. ಆದರೆ ಕೂಗದೆ, ಕೈ ಬೀಸದೆ, ಅಲುಗದೆ ನಿಲ್ಲುವುದು ಹೊಸದು. ಗಾಳಿ ಬೀಸಿತು, ಹಿಮ ಸುರಿಯಿತು, ಅವಳು ನಿಂತೇ ಇದ್ದಳು. ಮರಿ ಹೊರಗೆ ಬಂದು ಅವಳ ಪಾದವನ್ನು ಕುಕ್ಕಿತು. ಆಗ ಹಿರಿಯ ಹಕ್ಕಿ ಹೇಳಿತು, “ನೀನು ಬರುವ ಹಿಂದಿನ ದಿನ ಒಂದು ನೀಲಿ ಹಕ್ಕಿ ಬಂದಿತ್ತು. ನಮ್ಮನ್ನೆಲ್ಲ ಸುತ್ತಿ ಸುತ್ತಿ ನೋಡಿ, ಯಾರಿಗೋ ತೋರಿಸುವವರ ಹಾಗೆ ಪಕ್ಕಕ್ಕೆ ತಿರುಗಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಮಹಾನದಿಯ ಕಡೆಗೆ ಹೋಯಿತು.”

ಆಗ ದ್ಯಾಮವ್ವನಿಗೆ ತಿಳಿಯಿತು. ಇಬ್ಬರೂ ಕೂಡಿ ಹೋಗಬೇಕಿದ್ದ ಊರುಗಳಿಗೆ ಅವನು ಒಬ್ಬನೇ ಹೋಗುತ್ತಿದ್ದಾನೆ. ಅಷ್ಟರಲ್ಲಿ ಒಂದು ಸುಗ್ಗಿ ಕಳೆದಿತ್ತು.

ಎರಡನೆಯ ಕಲ್ಲು ಮಹಾನದಿಯ ಕಾಡಿಗೆ. ಅಲ್ಲಿ ಮರಕ್ಕೆ ಎಲೆ ಎಷ್ಟೋ ಗಿಳಿಗಳೂ ಅಷ್ಟೇ. ಕೆಂಪು, ಹಸಿರು, ಹಳದಿ. ದ್ಯಾಮವ್ವ ಒಂದು ಮರದ ಕೆಳಗೆ ಕೂತಳು. ಮೇಲಿನಿಂದ ಒಂದು ಗಿಳಿ ಕೇಳಿತು:

“ಇವತ್ತು ಯಾವ ದೇಶಕ್ಕ ಹೋಗೂಣು ದ್ಯಾಮಿ?”

ಅಡಿವೆಪ್ಪನ ದನಿಯೇ. ತಲೆ ಎತ್ತಿದರೆ ಗಿಳಿ. ಇನ್ನೊಂದು ಗಿಳಿಯೂ ಅದನ್ನೇ ಕೇಳಿತು, ಮತ್ತೊಂದೂ ಕೇಳಿತು. ಕಾಡೆಲ್ಲ ಅವನ ದನಿಯಾಯಿತು. ಅವನು ಆ ಮರದಲ್ಲಿ ಒಂದು ಹಗಲು ಕೂತು ಇದನ್ನೇ ಹೇಳಿಕೊಂಡಿದ್ದನಂತೆ, ಗಿಳಿಗಳು ಕಲಿತುಕೊಂಡಿದ್ದವು.

ಅಲ್ಲೇ ಕೂತರೆ ಸಾಕಿತ್ತು, ದಿನವಿಡೀ ಗಂಡನ ಮಾತು ಕೇಳಬಹುದಿತ್ತು. ದ್ಯಾಮವ್ವ ಕೂತಳು ಕೂಡ. ಗಿಳಿ ಕೇಳುವುದು, ಇವಳು ಉತ್ತರ ಹೇಳುವುದು. ಹಸಿವು ಮರೆತಳು, ತಿಂಗಳು ಮರೆತಳು. ಒಂದು ದಿನ ಅವಳು, “ನನಗ ಭಾಳ ನೆನಪಾಗೇತ್ರಿ” ಎಂದಳು. ಗಿಳಿ, “ಇವತ್ತು ಯಾವ ದೇಶಕ್ಕ ಹೋಗೂಣು ದ್ಯಾಮಿ?” ಎಂದಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಗಿಳಿ ಮತ್ತೆ ಅದನ್ನೇ ಕೇಳಿತು. ಅಡಿವೆಪ್ಪನಾಗಿದ್ದರೆ ಯಾಕೆ ಅಳುತ್ತೀ ಎಂದು ಕೇಳುತ್ತಿದ್ದ. ಅವಳು ಎದ್ದು ಕಣ್ಣೊರೆಸಿಕೊಂಡು ಕವಣೆಗೆ ಕಲ್ಲಿಟ್ಟಳು. ಎರಡನೆಯ ಸುಗ್ಗಿಯೂ ಕಳೆದಿತ್ತು.

ಮೂರನೆಯ ಕಲ್ಲು ಉಪ್ಪಿನ ಸರೋವರಕ್ಕೆ. ಗುಲಾಬಿ ಬಣ್ಣದ ಉದ್ದಕಾಲಿನ ಹಕ್ಕಿಗಳು ನೀರು ಕಾಣದಷ್ಟು ನಿಂತಿದ್ದವು. ಅವುಗಳ ನಡುವೆ ನೀಲಿ ಬೆನ್ನಿನ ಒಂದೇ ಒಂದು ಹಕ್ಕಿ. ಆ ಬೆನ್ನು ಅವಳಿಗೆ ಗೊತ್ತಿತ್ತು. ಒಂದು ಕಡೆ ಗರಿ ಒಂದು ಕಡಿಮೆ ಇತ್ತು.

ಅವಳು ನೀರಿಗಿಳಿದು ನಡೆದಳು. ಕಲ್ಲೇಟು ತಿಂದ ಹಕ್ಕಿ, ಯಾರೆಂದು ತಿರುಗಿಯೂ ನೋಡದೆ ಎದ್ದು ದೂರ ಹೋಗಿ ಕೂತಿತು. ಮತ್ತೆ ನಡೆದಳು, ಮತ್ತೆ ಎದ್ದಿತು. ವಾರಗಟ್ಟಲೆ ಹೀಗೇ ನಡೆಯಿತು. ಉಪ್ಪು ತಿಂದು ಕಾಲು ಬಿರಿಯಿತು. ದಡದಲ್ಲಿ ಉಪ್ಪು ಬಾಚುತ್ತಿದ್ದ ಒಬ್ಬ ಮುದುಕಿ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಕರೆದಳು.

“ಏನವ್ವಾ, ಹಕ್ಕಿ ನೋಡೋರು ಹಿಂಗ ಬೆನ್ನು ಹತ್ತತಾರೇನು? ನೀ ನಡದಷ್ಟೂ ಅದು ಹೋಗ್ತೈತಿ. ಅದು ಬರೂದು ನಿಂತವರ ಕಡೆ.”

“ನಿಂತ್ರ ಬರ್ತೈತೇನಬೇ?”

“ಬರಬಹುದು, ಬರದನೂ ಇರಬಹುದು. ಊರೆಲ್ಲಾ ಸುತ್ತಿದ ಹಕ್ಕಿ ಸುಗ್ಗಿಗಿ ತನ್ನ ಹೊಲಕ್ಕ ತಿರುಗತೈತಿ. ನಿನ್ನ ಕಾಲು ನೋಡಿಕೋ. ಮನೀಗಿ ಹೋಗು.”

ಕಣ್ಣೆದುರೇ ಇದ್ದವನನ್ನು ಬಿಟ್ಟು ಬರುವುದು ಸುಲಭವೇ? ಹಿಮದಲ್ಲಿ ನಿಂತದ್ದಕ್ಕಿಂತ, ಗಿಳಿಗಳನ್ನು ಬಿಟ್ಟದ್ದಕ್ಕಿಂತ ಇದು ಕಷ್ಟವಾಯಿತು. ಒಂದು ಇಡೀ ದಿನ ಆ ನೀಲಿ ಬೆನ್ನನ್ನು ನೋಡುತ್ತಾ ದಡದಲ್ಲಿ ಕೂತಳು. ಆಮೇಲೆ ತೆನೆಗಿರಿ ನೆನೆದು ಕಲ್ಲು ಬೀಸಿದಳು.

ಅವಳು ಬಂದು ಬಿದ್ದದ್ದು ಮೂರನೆಯ ಸುಗ್ಗಿಯ ಕೊನೆಯ ದಿನ. ಊರಿನ ಹೊಲವೆಲ್ಲ ಕೊಯ್ಲಾಗಿತ್ತು. ಹಂಪವ್ವ ತಮ್ಮ ಹೊಲವೊಂದನ್ನು ಕೊಯ್ಯದೆ ಹಾಗೇ ಬಿಟ್ಟು, ಅಟ್ಟಣಿಗೆಯ ಮೇಲೆ ನಿಂತು ಗಂಟಲು ಕಟ್ಟುವಂತೆ ಕೂಗುತ್ತಿದ್ದಳು. “ನೀ ಬರೂತನ ಕೊಯ್ಯಬಾರದಂತ ಮಾಡಿದ್ದೆ” ಎಂದಳು.

“ಅತ್ತಿ, ಇವತ್ತು ಕೂಗಬ್ಯಾಡ್ರಿ. ಹಕ್ಕಿ ಬರ್ಲಿ.”

“ಜ್ವಾಳ?”

“ಹೋದ್ರ ಹೋಗ್ಲಿ.”

ಹಂಪವ್ವ ಸೊಸೆಯ ಮುಖ ನೋಡಿದಳು. ಆಮೇಲೆ ಅಟ್ಟಣಿಗೆ ಇಳಿದು ಬದುವಿನ ಮೇಲೆ ಹೋಗಿ ಕೂತಳು. “ಮಗ ಬರೂದಾದ್ರ ಜ್ವಾಳ ಯಾವ ಲೆಕ್ಕ” ಎಂದಳು.

ದ್ಯಾಮವ್ವ ಹೊಲದ ನಡುವೆ ನಿಂತು ಒಂದು ಕೈ ಚಾಚಿದಳು. ಕೂಗಿಲ್ಲ ಎಂದು ತಿಳಿದದ್ದೇ ತಡ, ಸುತ್ತಲ ರಾಜ್ಯದ ಹಕ್ಕಿಗಳೆಲ್ಲ ಇಳಿದವು. ಗುಬ್ಬಿ, ಗೊರವಂಕ, ಗಿಳಿ, ಬೆಳವ. ಎಲ್ಲವೂ ಅವಳ ಕಡೆಗೆ ಮುಖ ಮಾಡಿ ಬಂದವು. ತೆನೆಗಳು ಬರಿದಾದವು. ಹೊತ್ತು ಇಳಿಯತೊಡಗಿತು. ಆಗ ಪಡುವಣದಲ್ಲಿ ನೀಲಿ ಹಕ್ಕಿ ಕಂಡಿತು.

ಅದು ಹೊಲವನ್ನು ಒಂದು ಸುತ್ತು ಸುತ್ತಿತು, ಹತ್ತಿರ ಬಂತು, ಹೆದರಿ ದೂರ ಸರಿಯಿತು. ಮತ್ತೆ ಹತ್ತಿರ ಬಂತು. ಇನ್ನು ಎರಡು ಮಾರು. ದ್ಯಾಮವ್ವ ಉಸಿರನ್ನೂ ಬಿಡಲಿಲ್ಲ.

ಗುಡ್ಡದ ಮೇಲೆ ಬೂದಿಗಣ್ಣ ಕನ್ನಡಿಯಲ್ಲಿ ಇದನ್ನು ನೋಡುತ್ತಿದ್ದ. ತಕ್ಷಣ ಗಿಡುಗನಾಗಿ ಹಾರಿ, ಮೇಲಿನಿಂದ ನೀಲಿ ಹಕ್ಕಿಯ ಮೇಲೆ ಎರಗಿದ. ದ್ಯಾಮವ್ವ ಅದನ್ನು ಕಂಡಳು. ಕೂಗಿದರೆ ತನ್ನ ಹಕ್ಕಿಯೂ ಹೆದರಿ ಹಾರಿಹೋಗುತ್ತದೆ, ಹೊತ್ತು ಮುಳುಗುತ್ತದೆ, ಇನ್ನು ಎಂದೂ ಅವನು ಬರುವುದಿಲ್ಲ. ಕೂಗದಿದ್ದರೆ ಗಿಡುಗನ ಉಗುರು.

ಎಲ್ಲಿಯಾದರೂ ಇರಲಿ, ಬದುಕಿರಲಿ ಎಂದುಕೊಂಡಳು. ಮೂರು ವರ್ಷ ಎದೆಯಲ್ಲಿ ತಡೆದಿಟ್ಟಿದ್ದ ಕೂಗನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು.

“ಹೋಓ... ಹಾಯ್!”

ಹೊಲದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಗಿಡುಗ ಗಾಳಿಯಲ್ಲೇ ಪಲ್ಟಿ ಹೊಡೆದು ದಿಕ್ಕುಗೆಟ್ಟು ಓಡಿತು. ನೀಲಿ ಹಕ್ಕಿಯೂ ರೆಕ್ಕೆ ತಿರುಗಿಸಿತ್ತು. ಆದರೆ ಅದು ತಿರುಗುವಾಗ ಅವಳ ಮುಖ ನೋಡಿತು. ಅವಳ ಕಣ್ಣು ಗಿಡುಗನ ಮೇಲಿತ್ತು. ಕೈ ಇನ್ನೂ ಹಾಗೇ ಚಾಚಿತ್ತು. ಈ ಕೂಗು ತನ್ನ ಮೇಲಲ್ಲ, ತನಗಾಗಿ ಎಂದು ಅದಕ್ಕೆ ತಿಳಿಯಿತು. ಎಲ್ಲ ಹಕ್ಕಿಗಳೂ ಅವಳಿಂದ ದೂರ ಹಾರುತ್ತಿರುವಾಗ ಅದೊಂದೇ ಅವಳ ಕಡೆಗೆ ಹಾರಿ ಬಂತು. ಅರಿಸಿನ ಬಣ್ಣದ ಎದೆ, ಕೆಮ್ಮಣ್ಣಿನ ಕೊಕ್ಕು, ಸುಣ್ಣದ ಚುಕ್ಕೆ ಇಟ್ಟ ಕಣ್ಣು. ಬಂದು ಅಂಗೈ ಮೇಲೆ ಕೂತಿತು.

ಒಂದು ಗಳಿಗೆ ಹಕ್ಕಿಯ ತೂಕ, ಮರುಗಳಿಗೆ ಗಂಡಸಿನ ತೂಕ. ಇಬ್ಬರೂ ದಂಟಿನ ನಡುವೆ ಬಿದ್ದರು.

ಇನ್ನು ಬೂದಿಗಣ್ಣ. ತಾನು ಹಾಕಿದ ಕಟ್ಟು ತನಗೇ ಮರೆತುಹೋಗಿತ್ತು. ದ್ಯಾಮವ್ವ ಓಡಿಸಿದ ಹಕ್ಕಿ ಅವಳ ಕೈಮೇಲೆ ಬಂದು ಕೂರದೆ ಮನುಷ್ಯನಾಗುವುದಿಲ್ಲ, ಮಂತ್ರಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಅವಳ ಹತ್ತಿರ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಅವನು ಗಿಡುಗನಾಗಿಯೇ ಉಳಿದ, ಕನ್ನಡಿ ಧೂಳು ಹಿಡಿಯಿತು. ಅವನ ಗುಡ್ಡದ ಮನೆಯನ್ನು ಊರವರು ಜೋಳದ ಕಣಜ ಮಾಡಿಕೊಂಡರು. ಆ ವರ್ಷ ಹಂಪವ್ವನ ಹೊಲದಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಮನೆಗೊಂದು ಮೊರದಂತೆ ಎಲ್ಲರೂ ತಂದು ಸುರಿದರು. ಮೂವರೂ ಉಂಡು ಸುಖವಾಗಿದ್ದರು, ಊರೂ ಸುಖವಾಗಿತ್ತು, ಹಕ್ಕಿಗಳಂತೂ ಹೊಟ್ಟೆ ತುಂಬ ಉಂಡಿದ್ದವು.

ಆದರೆ ಅವತ್ತು ಸಂಜೆ, ದಂಟಿನ ನಡುವೆ ಬಿದ್ದಲ್ಲೇ ಅಡಿವೆಪ್ಪ ಆಡಿದ ಮಾತನ್ನು ಹೇಳದೆ ಕತೆ ಮುಗಿಸಬಾರದು.

“ಲೋಕ ಎಲ್ಲಾ ನೋಡಿ ಬಂದೆ ದ್ಯಾಮಿ. ನಾ ಹೇಳಿದ್ದಕ್ಕಿಂತ ಚಂದ ಐತಿ. ಆದ್ರ ಎಲ್ಲಿ ಹೋದ್ರೂ ನೀ ಇರ್ಲಿಲ್ಲ.”

“ಇದ್ದೆರಿ” ಎಂದಳು ದ್ಯಾಮವ್ವ. “ಒಂದು ದಿನ ಹಿಂದ ಇದ್ದೆ.”