ಅಕ್ಕನ ಗುರುವಾರ

ಅಕ್ಕನೂ ನಾನೂ ಒಂದೇ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುತ್ತೇವೆ. ದೆವ್ವ ನಂಬುವ ಪೈಕಿ ಇಬ್ಬರೂ ಅಲ್ಲ. ನಾವು ಬಳಸುವ ಭಾಷೆಯಲ್ಲಿ ಹೊಸ ದಿನಾಂಕ ಬೇಕೆಂದು ಕೇಳಿ, ಆವರಣದೊಳಗೆ ಏನೂ ಬರೆಯದೆ ಬಿಟ್ಟರೆ ಕಂಪ್ಯೂಟರು ಈ ಕ್ಷಣದ ದಿನ, ಗಂಟೆಯನ್ನು ಕೊಡುತ್ತದೆ. ಒಂದು ಸೋಮವಾರ ಬೆಳಿಗ್ಗೆ ಅಕ್ಕ ಕೇಳಿದರೆ ಬಂದದ್ದು ಅದೇ ವಾರದ ಗುರುವಾರ, ಸಂಜೆ ನಾಲ್ಕು. ಅವಳನ್ನು ಕುರ್ಚಿಯಿಂದ ಎಬ್ಬಿಸಿ ಅದೇ ಕೀಲಿಗಳನ್ನು ನಾನು ಒತ್ತಿದೆ; ಸೋಮವಾರ ಬೆಳಿಗ್ಗೆ ಎಂದೇ ಬಂತು.

“ಗಡಿಯಾರ ಕೆಟ್ಟಿರ್ಬೇಕು ಬಿಡಕ್ಕ.”

“ನನ್ನ ಕೈಗೆ ಮಾತ್ರ ಕೆಡುತ್ತಾ ಏನೇ ಅದು?” ಎಂದು ನಕ್ಕಳು. ಅವಳು ಆಗಷ್ಟೇ ಎದ್ದ ಕುರ್ಚಿ ರಾತ್ರಿಯೆಲ್ಲ ಖಾಲಿ ಇದ್ದ ಹಾಗೆ ತಣ್ಣಗಿತ್ತು.

ಗುರುವಾರ ಅವಳಿಗೇನಾದರೂ ಆದೀತೆಂದು ಜೀವ ಕೈಯಲ್ಲಿ ಹಿಡಿದು ಪಕ್ಕದಲ್ಲೇ ಕೂತೆ. ನಾಲ್ಕು ಹೊಡೆಯಿತು. ಅಕ್ಕ ಕಾಫಿ ಲೋಟ ಕೆಳಗಿಟ್ಟು, “ನೋಡೇ, ಗುಂಡುಕಲ್ಲಿನ ಹಾಗಿದ್ದೀನಿ. ಮೊದ್ಲು ಮುಖ ಒರೆಸ್ಕೋ” ಎಂದಳು.

ಈಗಲೂ ದಿನಾ ಆಫೀಸಿಗೆ ಬರುತ್ತಾಳೆ, ಜಗಳವಾಡುತ್ತಾಳೆ. ಆದರೆ ಅವಳು ದಿನಾಂಕ ಕೇಳಿದಾಗಲೆಲ್ಲ ಬರುವುದು ಅದೇ ಗುರುವಾರ, ಅದೇ ನಾಲ್ಕು ಗಂಟೆ. ಅವತ್ತು ಅರ್ಧ ಕುಡಿದಿಟ್ಟ ಕಾಫಿಯೂ ಮೇಜಿನ ಮೇಲೇ ಇದೆ. ಚೆಲ್ಲಲು ನಮ್ಮಿಬ್ಬರಿಗೂ ಧೈರ್ಯ ಬಂದಿಲ್ಲ. ಅದು ಇನ್ನೂ ಬಿಸಿಯಾಗಿದೆ.