ನಾಲ್ಕು ಬೆರಳಿನ ನೀರುನಾಯಿ

ಬಕೆಟ್ಟು ಮತ್ತೆ ಖಾಲಿಯಾಗಿತ್ತು.

ಬೆಳಗ್ಗೆ ನಾನು ಹಿಡಿದು ತಂದ ಮೀನು ಅದರಲ್ಲಿ ಈಜಾಡುತ್ತಿತ್ತು. ಊಟ ಮಾಡಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಮುಚ್ಚಳ ಪಕ್ಕಕ್ಕೆ ಬಿದ್ದು, ಬರೀ ನೀರು ಉಳಿದಿತ್ತು. ನಮ್ಮ ಕ್ಯಾರವಾನಿನ ಮರದ ಮೆಟ್ಟಿಲುಗಳ ಮೇಲೆ ಸಾಲಾಗಿ ಒದ್ದೆ ಹೆಜ್ಜೆಗಳು.

"ನೀರುನಾಯಿ ಕಣ್ರೀ," ಎಂದಳು ನನ್ನ ಹೆಂಡತಿ, ಬಟ್ಟೆ ಮಡಿಸುತ್ತ, ತಲೆ ಎತ್ತದೆ. "ಎಷ್ಟು ಧೈರ್ಯ ನೋಡಿ ಅದಕ್ಕೆ!"

"ಕೈಗೆ ಸಿಗ್ಲಿ, ಚರ್ಮ ಸುಲೀತೀನಿ."

"ಸುಲೀರಿ ಸುಲೀರಿ. ಮೊದ್ಲು ಗೊರಕೆ ಹೊಡ್ಯೋದು ನಿಲ್ಸಿ."

ನಾನು ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಆಯುಸ್ಸೆಲ್ಲ ಕಟ್ಟಡಗಳ ಕತ್ತಲ ಬಾವಿಗಳಲ್ಲಿ, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಕಳೆದೆ. ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ, ಬಿಸಿ ಹಬೆಯ ನಡುವೆ. ರಿಟೈರ್ ಆದ ಮೇಲೆ ಆಕಾಶ ಕಾಣುವ ಕಡೆ ಇರೋಣವೆಂದು ಚಕ್ರಗಳ ಮೇಲಿನ ಮನೆಯಂಥ ಹಳೆಯ ಕ್ಯಾರವಾನ್ ಕೊಂಡು, ಸರೋವರದ ದಡದ ಈ ಕ್ಯಾಂಪ್‌ಗ್ರೌಂಡಿಗೆ ಬಂದುಬಿಟ್ಟೆವು.

ಸಂಜೆ ಹೊತ್ತು ಜಿಂಕೆಗಳು ನೀರಿಗೆ ಇಳಿಯುತ್ತಿದ್ದವು. ಒಂದು ಮರಿ ಹಗ್ಗದ ಮೇಲಿದ್ದ ನನ್ನ ಬನಿಯನ್ ಎಳೆದು ಅಗಿಯತೊಡಗಿತು. "ನಿಮ್ಮ ಬೆವರು ಇಷ್ಟಪಡೋ ಇನ್ನೊಂದು ಜೀವ ಸಿಕ್ತು ನೋಡಿ," ಎಂದು ಅವಳು ಓರೆಗಣ್ಣಲ್ಲಿ ನನ್ನನ್ನು ನೋಡಿದಳು. ಆ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಯಿತು.

ಅದೇ ವಾರ ಒಂದು ಮಧ್ಯಾಹ್ನ ನಾನು ನಿದ್ದೆಯ ನಾಟಕವಾಡಿದೆ. ಗೊರಕೆಯನ್ನೂ ಸೇರಿಸಿದೆ. ಕಳ್ಳ ನೀರುನಾಯಿಯನ್ನು ಕಣ್ಣಾರೆ ನೋಡುವ ಹಟ.

ಪರದೆಯ ಸಂದಿಯಲ್ಲಿ ಕಂಡದ್ದು ಅವಳು. ಬಟ್ಟೆಯ ತೋಳು ಮೇಲಕ್ಕೆ ಮಡಿಸಿ ಬಕೆಟ್ಟನ್ನು ನೀರಿನ ಅಂಚಿಗೆ ಒಯ್ದಳು. "ಹೋಗು ಪುಟ್ಟಾ. ಇನ್ನೊಂದ್ಸಲ ಆ ಮುದುಕನ ಕೈಗೆ ಸಿಗ್ಬೇಡ. ಮನುಷ್ಯ ಒಳ್ಳೆಯವರೇ, ಹಸಿದಾಗ ಮಾತ್ರ ಯಾರ ಮಾತೂ ಕೇಳಲ್ಲ."

ಆಮೇಲೆ ಬೆರಳು ಅದ್ದಿಕೊಂಡು ಬಂದು, ಹೆಬ್ಬೆರಳು ಮಡಿಸಿ, ಉಳಿದ ನಾಲ್ಕನ್ನು ಒಂದೊಂದೇ ಮೆಟ್ಟಿಲಿಗೆ ಒತ್ತಿದಳು. ಚಿತ್ರ ಬರೆಯುವ ಮಗುವಿನಂತೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಿತ್ತು.

ಗೇಟಿನ ಬೋರ್ಡಿನಲ್ಲಿ ಪ್ರಾಣಿಗಳ ಹೆಜ್ಜೆಯ ಚಿತ್ರಗಳಿದ್ದವು. ನೀರುನಾಯಿಗೆ ಐದು ಬೆರಳು.

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಅಂದಿನಿಂದ ಅವಳಿಗೆ ಬಿಡಲು ಒಂದು ಮೀನಿರಲಿ ಎಂದೇ ಗಾಳ ಹಾಕಿದೆ. ಸಂಜೆಗೆ ಬೇಯಿಸಿದ ಆಲೂಗಡ್ಡೆ ತಿಂದು, ನೀರುನಾಯಿಯ ವಂಶಕ್ಕೆಲ್ಲ ಶಾಪ ಹಾಕಿದೆ. ಅವಳು ನಗು ನುಂಗುವುದನ್ನು ನೋಡುತ್ತ ಕುಳಿತೆ.

ಎಲೆ ಉದುರುವ ಕಾಲಕ್ಕೆ ಅವಳ ಉಸಿರು ಸೋಲತೊಡಗಿತು. ಹೃದಯ ದಣಿದಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೆ ಕೆಲವು ತಿಂಗಳು ಸಿಗಬಹುದು, ಟೇಬಲ್ ಮೇಲೆಯೇ ಹೋಗಲೂಬಹುದು. "ಶನಿವಾರ ಕಾರ್ ತರ್ತೀನಪ್ಪಾ, ನೀವು ಅಮ್ಮನ್ನ ಒಪ್ಸಿ," ಎಂದಳು ಮಗಳು ಫೋನಿನಲ್ಲಿ. ನನಗೂ ಅದೇ ಬೇಕಿತ್ತು. ಹೆಂಡತಿ ಒಪ್ಪಲಿ ಎಂದು ಪ್ರತಿ ಬೆಳಗ್ಗೆ ದೇವರ ಮುಂದೆ ತಲೆ ಬಾಗಿಸಿದೆ.

"ಆ ಬೆಡ್‌ಶೀಟ್‌ಗಳನ್ನ ಜೀವನ ಪೂರ್ತಿ ಒಗ್ದಿದ್ದೀನಿ ರೀ. ಯಾವ ಕಲೆ ಯಾತರದು ಅಂತ ನಂಗೊತ್ತು. ಅದರ ಮೇಲೆ ನನ್ನ ಮಲಗಿಸ್ಬೇಡಿ."

"ನನಗೋಸ್ಕರ ಕಣೇ."

"ನಿಮಗೋಸ್ಕರ ಏನೇನು ಮಾಡಿಲ್ಲ? ಗೊರಕೆ ಕೇಳಿಲ್ವಾ?"

ನಾನು ನಗಲಿಲ್ಲ.

ಶುಕ್ರವಾರ ಒಂದು ಮೀನು ಸಿಕ್ಕಿತು. ಊಟವಾದ ಮೇಲೆ ಅವಳ ಹಾಸಿಗೆಯ ಪಕ್ಕದಲ್ಲೇ ಕುಳಿತೆ. ಅವಳ ಕಣ್ಣು ಬಾಗಿಲಾಚೆಯ ಬಕೆಟ್ಟಿನ ಮೇಲಿತ್ತು.

"ನೀವು ಮಲ್ಕೊಳ್ಳಲ್ವಾ?"

"ನಿದ್ದೆ ಬರ್ತಿಲ್ಲ."

"ಮಲ್ಕೊಳ್ಳಿ ಅಂದ್ರೆ!"

ಅವಳು ತಾನೇ ಎದ್ದಳು. ಎರಡು ಹೆಜ್ಜೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು ಕುಸಿದು ಕುಳಿತಳು. ನನಗೆ ತಡೆಯಲಾಗಲಿಲ್ಲ.

"ನೀರುನಾಯಿಗೆ ಐದು ಬೆರಳು ಕಣೇ."

ಅವಳ ಬಿಳಿಚಿದ ಮುಖಕ್ಕೆ ಮೆಲ್ಲನೆ ಕೆಂಪು ಏರಿತು. "ಯಾವಾಗಿಂದ ಗೊತ್ತು?"

"ಜಿಂಕೆ ನನ್ನ ಬನಿಯನ್ ತಿಂತಲ್ಲ, ಆವಾಗಿಂದ."

"ಮತ್ತೆ ದಿನಾ ಅದಕ್ಕೆ ಬೈತಿದ್ರಿ?"

"ನಿನ್ನ ಮುಖ ನೋಡೋಕೆ."

ಅವಳು ನನ್ನ ಕೈಮೇಲೆ ಕೈಯಿಟ್ಟು, "ಹಾಗಾದ್ರೆ ಬಿಡೋದು ನಿಮಗೂ ಬರತ್ತೆ," ಎಂದಳು.

ಅವಳು ಏನು ಕೇಳುತ್ತಿದ್ದಾಳೆಂದು ತಿಳಿಯಿತು. ಅವಳನ್ನು ಎಬ್ಬಿಸಿಕೊಂಡು ನೀರಿನ ಬಳಿಗೆ ನಡೆಸಿದೆ. ಒಣಗಿದ ಬಟ್ಟೆಯ ಗಂಟಿನಷ್ಟು ಹಗುರಾಗಿದ್ದಳು. ಇಬ್ಬರೂ ಒಂದೇ ಹಿಡಿಕೆ ಹಿಡಿದು ಬಕೆಟ್ಟನ್ನು ಬಗ್ಗಿಸಿದೆವು. ಮೀನು ಗಳಿಗೆ ಹೊತ್ತು ನಿಂತು, ಬಾಲ ಬೀಸಿ ಹೊರಟಿತು.

ಸ್ವಲ್ಪ ದೂರದಲ್ಲಿ ನೀರು ಉಬ್ಬಿತು. ಮೀಸೆಯ ತಲೆಯೊಂದು ಮೇಲೆದ್ದಿತು. ನಮ್ಮ ಮೀನು ಅದರ ಬಾಯಲ್ಲಿತ್ತು. ನಿಜವಾದ ನೀರುನಾಯಿ, ನೀರಿನ ಮೇಲೆ ತೇಲುತ್ತ, ನಮ್ಮನ್ನೇ ನೋಡುತ್ತ ಅಗಿಯಿತು.

ನಾನು ಗಾಬರಿಯಿಂದ ಅವಳ ಕಡೆ ತಿರುಗಿದೆ. ಅವಳು ಮಾತ್ರ ಉಸಿರು ಕಟ್ಟುವಷ್ಟು ನಕ್ಕಳು. ನನ್ನ ಭುಜಕ್ಕೆ ಹಣೆಯೊತ್ತಿ ನಕ್ಕಳು. "ಪಾಪ, ಮಾಡದ ಕಳ್ಳತನಕ್ಕೆ ಎಷ್ಟು ಬೈಸ್ಕೊಂಡಿದೆ! ತಿನ್ಲಿ ಬಿಡಿ."

ಅಂದು ಮಗಳಿಗೆ ಫೋನ್ ಮಾಡಿದೆ. "ಬಾಮ್ಮಾ. ಆಸ್ಪತ್ರೆಗೆ ಅಲ್ಲ. ಅಮ್ಮನ ಹತ್ರ ಕೂತ್ಕೊಳ್ಳೋಕೆ." ಮಗಳು ಅತ್ತಳು. ಮಾಡಿದ್ದು ಸರಿಯೋ ತಪ್ಪೋ, ದೇವರು ಇಂದಿಗೂ ನನಗೆ ಹೇಳಿಲ್ಲ.

ಚಳಿ ಬೀಳುವ ಮುನ್ನ ನನ್ನವಳು ಹೋದಳು. ಕಿಟಕಿ ತೆರೆದಿತ್ತು. ಅವಳ ಕೈ ನನ್ನ ಕೈಯಲ್ಲಿತ್ತು.

ಇವತ್ತು ಬೆಳಗ್ಗೆ ಒಂದು ಮೀನು ಸಿಕ್ಕಿತು. ಬಕೆಟ್ಟಿಗೆ ಮುಚ್ಚಳವಿಟ್ಟು, ಊಟ ಮಾಡಿ ಮಲಗಿದೆ. ಎದ್ದು ನೋಡಿದರೆ ಮೀನು ಅದರಲ್ಲೇ ಇತ್ತು.

ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಒಯ್ದು ನೀರಿಗೆ ಬಿಟ್ಟೆ. ಬೆರಳು ಅದ್ದಿ, ಹೆಬ್ಬೆರಳು ಮಡಿಸಿ, ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಒತ್ತುತ್ತ ಬಂದೆ. ಬಿಸಿಲು ಚುರುಕಾಗಿತ್ತು. ಬಾಗಿಲ ಬಳಿಯ ಹೆಜ್ಜೆ ಒತ್ತಿ ಹಿಂತಿರುಗಿ ನೋಡುವಷ್ಟರಲ್ಲಿ ಕೆಳಗಿನದು ಆರಿಹೋಗಿತ್ತು.